ಪಕ್ಕದ ಸೀಟು

"ಇನ್ನೂ ಸ್ವಲ್ಪ ಒಳಗೆ ಸರೀರಿ ಅತ್ತಿಗೆ. ಹ್ಯಾಂಡ್ ಬ್ರೇಕ್ ಸಿಗ್ತಾ?"

"ಎಲ್ಲಿರುತ್ತೆ ಅದು?"

"ಎರಡು ಸೀಟಿನ ಮಧ್ಯೆ. ಕೋಲಿನ ಥರ ಇರುತ್ತೆ ನೋಡಿ."

"ಇಲ್ಲಿ ಮೂರು ಕೋಲು ಇವೆ."

ಕಾರಿನ ಮೂತಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ತಳ್ಳಲು ಸಿದ್ಧನಾಗಿ ನಿಂತಿದ್ದ ಮೈದುನ ತಲೆಯೆತ್ತಿ ಎದುರುಮನೆಯ ದಿನಸಿ ಅಂಗಡಿಯವನನ್ನು ನೋಡಿದ.

"ಮೂರು ಯಾಕಿರುತ್ತೆ?"

"ನಿಮ್ಮಣ್ಣನ ಕಾರು ಕಣಪ್ಪಾ," ಎಂದ ಅಂಗಡಿಯವನು. "ಮೂರಕ್ಕೇ ನಿಲ್ಲಿಸಿದ್ರಲ್ಲ ಅಂತ ಖುಷಿಪಡು."

ಅಣ್ಣನ ದೇಹ ಮಹಡಿಯ ಮೇಲಿತ್ತು. ಮುಂಬಾಗಿಲ ಮೆಟ್ಟಿಲು ಕಿರಿದು, ನಡುವೆ ತಿರುವು ಬೇರೆ. ಪೆಟ್ಟಿಗೆ ಇಲ್ಲಿ ಇಳಿಯುವುದಿಲ್ಲ ಎಂದು ವ್ಯಾನಿನವನು ಬೆಳಿಗ್ಗೆಯೇ ಬಂದು ನೋಡಿ ಹೇಳಿ ಹೋಗಿದ್ದ. ಇನ್ನೊಂದು ಮೆಟ್ಟಿಲು ನೇರ ಗ್ಯಾರೇಜಿಗೆ ಇಳಿಯುತ್ತಿತ್ತು. ಗ್ಯಾರೇಜಿನ ತುಂಬ ಕಾರು. ಹಾಗಾಗಿ ಸತ್ತವನು ಹೊರಡಬೇಕಾದರೆ ಮೊದಲು ಅವನ ಕಾರು ಹೊರಡಬೇಕಿತ್ತು. ಕೀ ಸಿಕ್ಕಿತು, ತಿರುಗಿಸಿದರೆ ಒಂದು ದೀಪವೂ ಹತ್ತಲಿಲ್ಲ. ಡ್ರೈವರ್ ಕಡೆಯ ಬಾಗಿಲು ಗೋಡೆಗೆ ಅಂಟಿಕೊಂಡಿತ್ತು. ಪಕ್ಕದ ಸೀಟಿನ ಕಡೆಯದು ಒಂದು ಗೇಣು ತೆರೆಯಿತು. ಆ ಗೇಣಿನಲ್ಲಿ ನುಸುಳುವಷ್ಟು ಸಣ್ಣ ಮೈ ಆ ಮನೆಯಲ್ಲಿ ಇದ್ದದ್ದು ಒಬ್ಬಳಿಗೇ: ಬೀದಿಯವರೆಲ್ಲ ಟೇಲರಮ್ಮ ಎಂದು ಕರೆಯುವ, ಮೊನ್ನೆಯವರೆಗೆ ಅವನ ಹೆಂಡತಿಯಾಗಿದ್ದ ಹೆಂಗಸಿಗೆ.

ಟೇಲರಮ್ಮ ಮೊದಲ ಕೋಲನ್ನು ಎಳೆದಳು. ಏನೂ ಆಗಲಿಲ್ಲ. ಎರಡನೆಯದನ್ನು ಎಳೆದಳು. ಬಾನೆಟ್ಟು ಠಣ್ಣನೆ ಎದ್ದು ಮೈದುನನ ಗದ್ದಕ್ಕೆ ಬಡಿಯಿತು.

"ಅಯ್ಯಯ್ಯೋ! ಸತ್ಮೇಲೂ ಬಿಡಲ್ವಲ್ಲ ಇವನು!" ಎಂದ ಮೈದುನ, ಎಂದವನೇ ನಾಲಿಗೆ ಕಚ್ಚಿಕೊಂಡ. ಅಂಗಡಿಯವನು ಗೋಡೆಯ ಕಡೆ ತಿರುಗಿ ಕೆಮ್ಮಿದ.

ಮೂರನೆಯ ಕೋಲು ಸಡಿಲವಾಯಿತು. ಗ್ಯಾರೇಜಿನ ನೆಲ ಬೀದಿಯ ಕಡೆಗೆ ಇಳಿಜಾರು. ಯಾರೂ ತಳ್ಳುವ ಮೊದಲೇ ಕಾರು ತಾನಾಗಿ ಹಿಂದಕ್ಕೆ, ಬಿಸಿಲಿಗೆ, ಉರುಳತೊಡಗಿತು.

ಆಗಲೇ ಅವಳು ಬೆನ್ನು ಒರಗಿಸಿದ್ದು. ಒರಗಿಸಿದವಳು ಬೆಚ್ಚಿದಳು.

ಸೀಟು ಅವಳನ್ನು ಹಿಡಿದುಕೊಳ್ಳಲಿಲ್ಲ. ಭುಜವನ್ನು ಅಪ್ಪಬೇಕಾಗಿದ್ದ ಎರಡು ರೆಕ್ಕೆಗಳು ಅವಳ ಕಿವಿಯ ಮಟ್ಟದಲ್ಲಿ, ಅವಳಿಂದ ದೂರದಲ್ಲಿ ನಿಂತಿದ್ದವು. ಕೂರುವ ಭಾಗ ಉದ್ದವಾಗಿ, ಮೊಣಕಾಲು ಮಡಿಸಲಾಗದೆ ಕಾಲುಗಳು ಗೊಂಬೆಯ ಕಾಲಿನಂತೆ ಮುಂದಕ್ಕೆ ಚಾಚಿಕೊಂಡವು. ಬೆನ್ನಿಗೆ ಆನಿಕೆಯಾಗಲೆಂದು ಕೊಟ್ಟಿದ್ದ ಉಬ್ಬು ಅವಳ ಹೆಗಲೆಲುಬಿಗೆ ಒತ್ತುತ್ತಿತ್ತು. ಹಾಗೆಂದು ಸೀಟು ಕೆಟ್ಟದಾಗಿರಲಿಲ್ಲ. ಬಹಳ ಒಳ್ಳೆಯದಾಗಿತ್ತು. ಮೇಲಿಂದ ಜಾರಿದ್ದ ಹಳೆಯ ಹೊದಿಕೆಯನ್ನು ಸರಿಸಿ, ಅವಳು ಅಂಗೈಯನ್ನು ಅದರ ಅಂಚಿನ ಉದ್ದಕ್ಕೂ ಓಡಿಸಿದಳು. ಎಲ್ಲಿಯೂ ಒಂದು ಸುಕ್ಕಿಲ್ಲ. ಇದು ಅಂಗಡಿಯಲ್ಲಿ ಕೊಂಡ ಸೀಟಲ್ಲ. ಅಳತೆ ತೆಗೆದು, ಕತ್ತರಿಸಿ, ಮತ್ತೆ ಕತ್ತರಿಸಿ ಕೂರಿಸಿದ್ದು. ಬದುಕಿನುದ್ದಕ್ಕೂ ಬೇರೆಯವರ ಮೈಗೆ ಬಟ್ಟೆ ಹೊಲಿದ ಕೈ ಅದು, ಮೋಸ ಹೋಗುವಂತಿರಲಿಲ್ಲ. ಎತ್ತರದ ಮೈ. ಅಗಲ ಭುಜ. ಸೊಂಟದ ಬಳಿ ಒಳಗೆ ಹೋಗಿ ಮತ್ತೆ ಹೊರಬರುವ ಆ ತಿರುವು ಗಂಡಸಿನದಲ್ಲ.

"ಮುಗೀತು ಅತ್ತಿಗೆ, ಇಳೀರಿ ಈಗ."

ಅವಳು ಇಳಿಯಲಿಲ್ಲ. ಯಾರೋ ಒಬ್ಬಳ ಒಳಗೆ ಕುಳಿತಂತೆ ಕುಳಿತಿದ್ದಳು.

*

ಗಂಡ ಆ ಕಾರನ್ನು ತಂದಾಗಲೇ ಅದು ಹಳೆಯದಾಗಿತ್ತು. ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ನಿಲುವು. ಓಡಲೆಂದೇ ಮಾಡಿದ ಕಾರು. ಬೀದಿಯ ಮಕ್ಕಳು ಅದಕ್ಕೆ ಆಮೆ ಎಂದು ಹೆಸರಿಟ್ಟರು, ಏಕೆಂದರೆ ಅದು ಯಾವಾಗಲೂ ಚಿಪ್ಪಿನೊಳಗೇ ಇರುತ್ತಿತ್ತು. ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದುದು ಬಸ್ಸಿನಲ್ಲಿ.

"ಅಷ್ಟು ದೊಡ್ಡ ಕಾರಿಟ್ಕೊಂಡು ಬಸ್ಸಿಗೆ ನೇತಾಡ್ತೀರಲ್ಲ," ಎಂದು ಅವಳು ಕೇಳಿದರೆ, "ಅದಿನ್ನೂ ರೆಡಿಯಾಗಿಲ್ಲ," ಎನ್ನುತ್ತಿದ್ದ.

ಅದು ಯಾವಾಗ ರೆಡಿಯಾಗುತ್ತದೆ ಎನ್ನುವುದು ಯಾರಿಗೂ ತಿಳಿಯದ ವಿಷಯವಾಗಿತ್ತು. ಎಂಜಿನ್ನಿಗೆ ಬಲ ಬಂದರೆ ಬ್ರೇಕು ಸಾಲದಾಯಿತು. ಬ್ರೇಕು ಬದಲಿಸಿದರೆ ಟೈರು ಜಾರಿತು. ಅಗಲದ ಟೈರು ಹಾಕಿದರೆ ಸ್ಪ್ರಿಂಗು ಅದಕ್ಕೆ ತಕ್ಕುದಲ್ಲ ಎನಿಸಿತು. ಸ್ಪ್ರಿಂಗು ಬಿಗಿ ಮಾಡಿದರೆ ಮೈಯೆಲ್ಲ ಗಡಗಡ ಎಂದಿತು. ಅಷ್ಟರಲ್ಲಿ ಹಿಂದಿನ ಚಕ್ರದ ಮೇಲೆ ತುಕ್ಕು ಹಿಡಿದಿರುತ್ತಿತ್ತು. ಅವನು ತುಕ್ಕನ್ನು ಕೆರೆದು, ಬೆಸುಗೆ ಹಾಕಿ, ಪುಟ್ಟಿ ಬಳಿದು, ಮರಳು ಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದ. ಮನೆಯಲ್ಲಿ ವಸ್ತುಗಳು ಮಹಡಿಗೂ ಗ್ಯಾರೇಜಿಗೂ ಓಡಾಡುತ್ತಿದ್ದವು. ಅವಳ ಹೊಲಿಗೆ ಮೆಷಿನ್ನಿನ ಎಣ್ಣೆ ಕೆಳಗೆ ಹೋಗುತ್ತಿತ್ತು. ಬಟ್ಟೆಗೆ ಗುರುತು ಹಾಕುವ ಅವಳ ಸೀಮೆಸುಣ್ಣ ಚಕ್ರದ ಮೇಲೆ ಗೆರೆಯಾಗಿ ಕಾಣಿಸಿಕೊಳ್ಳುತ್ತಿತ್ತು. ಅವನು ಕಾರ್ಬುರೇಟರ್ ಕುದಿಸಿದ ಪಾತ್ರೆಯನ್ನು ಅವಳು ಮತ್ತೆ ಅಡುಗೆಮನೆಗೆ ಸೇರಿಸಲೇ ಇಲ್ಲ.

ಒಮ್ಮೆ ಮಾತ್ರ, ಸ್ಪ್ರಿಂಗು ಬಿಗಿ ಮಾಡಿದ ಹೊಸದರಲ್ಲಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರ ಹೊರಗಿನ ರಸ್ತೆಗೆ ಹೋಗಿದ್ದ. ದಾರಿಯ ಪ್ರತಿಯೊಂದು ಕಲ್ಲೂ ಅವಳ ಬೆನ್ನುಮೂಳೆಯ ಜೊತೆ ಮಾತಾಡಿತು. ತಿರುವಿನಲ್ಲೆಲ್ಲ ಆಚೆಯಿಂದ ಈಚೆಗೆ ಜಾರಿದಳು. ಅವನು ಮಾತ್ರ ಕಿವಿಯನ್ನು ಎಂಜಿನ್ನಿಗೆ ಕೊಟ್ಟು, ಕಣ್ಣನ್ನು ರಸ್ತೆಗೆ ಕೊಟ್ಟು, ಬಾಯಲ್ಲಿ ನಗು ಇಟ್ಟುಕೊಂಡು ಓಡಿಸುತ್ತಿದ್ದ. ಮನೆಗೆ ಬಂದು ಇಳಿದಾಗ ಅವಳು ನಡು ಹಿಡಿದುಕೊಂಡೇ ನಿಂತಳು.

"ರೀ, ನಿಮ್ಮ ಕಾರಿಗಿಂತ ತರಕಾರಿ ತಳ್ಳೋ ಗಾಡಿ ಎಷ್ಟೋ ವಾಸಿ. ನನ್ನ ಸೊಂಟ ಅರ್ಧದಾರೀಲೇ ಬಿದ್ದೋಯ್ತು. ಹೋಗಿ ಎತ್ಕೊಂಡು ಬನ್ನಿ."

ಅವನು ನಗಲಿಲ್ಲ. "ಸೊಂಟವೋ, ಬೆನ್ನೋ?" ಎಂದು ಕೇಳಿದ.

"ಎರಡೂ."

"ಎಲ್ಲಿಂದ ಎಲ್ಲಿವರೆಗೆ?"

"ನೋವಿಗೇನು ಬಾರ್ಡರ್ ಇರುತ್ತೇನ್ರಿ?" ಎಂದು ಅವಳು ಮೆಟ್ಟಿಲು ಹತ್ತಿದ್ದಳು.

ಮಾರನೆಯ ದಿನದಿಂದ ಆ ಪಕ್ಕದ ಸೀಟಿನ ಮೇಲೆ ಒಂದು ಹಳೆಯ ಹೊದಿಕೆ ಬಿತ್ತು. ಬಾ ಎಂದು ಅವನೂ ಮತ್ತೆ ಕರೆಯಲಿಲ್ಲ. ಕರೆಯಲಿಲ್ಲವಲ್ಲ ಎಂದು ಅವಳೂ ಕೇಳಲಿಲ್ಲ. ವರ್ಷಗಳು ಹೋದವು. ಮೊನ್ನೆ ಬೆಳಗಿನ ಪಾಳಿ ಮುಗಿಸಿ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತವನು, ಬಸ್ಸು ಬಂದರೂ ಏಳಲಿಲ್ಲ.

*

ಬೀದಿಯಲ್ಲಿ ಹಾಕಿದ ಬಾಡಿಗೆ ಕುರ್ಚಿಗಳೆಲ್ಲ ಹೇಗೋ ಏನೋ ಕಾರಿನ ಸುತ್ತ ಸೇರಿಕೊಂಡಿದ್ದವು. ಬಂದವರು ಮಹಡಿಗೆ ಹೋಗಿ ಸತ್ತವನ ಮುಖ ನೋಡಿ, ಕೆಳಗಿಳಿದು ಅವನ ಕಾರನ್ನು ನೋಡುತ್ತಿದ್ದರು. ಕಾರಿನ ಮುಂದೆ ನಿಲ್ಲುವ ಹೊತ್ತೇ ಹೆಚ್ಚು.

"ಹಿಂದಿನ ಚಕ್ರ ನೋಡ್ರಿ, ಲಾರಿಗೆ ಹಾಕೋ ಹಾಗಿದೆ."

"ಒಂದು ದಿನ ಆದ್ರೂ ಜೋರಾಗಿ ಓಡಿಸಿದ್ರಾ?"

"ಓಡ್ಸೋದಾ? ಈ ಬೀದೀಲಿ ಇರೋ ರೋಡ್ ಹಂಪ್‌ಗಳಿಗೆ ಇದು ಅಡ್ಡ ಬಿದ್ದು ನಮಸ್ಕಾರ ಮಾಡ್ಬೇಕಿತ್ತು, ಅಷ್ಟೇ."

"ಒಂದು ಸಲ ಸ್ಟಾರ್ಟ್ ಮಾಡಿದಾಗ ನಮ್ಮನೆ ಶೋಕೇಸಿನ ಗಾಜು ಒಡೀತು," ಎಂದ ದಿನಸಿ ಅಂಗಡಿಯವನು ಹೆಮ್ಮೆಯಿಂದಲೇ.

ಟೇಲರಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಬಂದವರ ಸಮಾಧಾನದ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಕಣ್ಣು ಮಾತ್ರ ಬೇರೆ ಕೆಲಸದಲ್ಲಿತ್ತು. ಪಂಪ್‌ಹೌಸಿನ ಆಫೀಸಿನಿಂದ ಬಂದ ಗುಮಾಸ್ತೆ ಅವಳ ಕೈ ಹಿಡಿದು, "ತುಂಬ ಒಳ್ಳೆಯವರಮ್ಮಾ, ಒಂದು ದಿನವೂ ದನಿ ಎತ್ತಲಿಲ್ಲ," ಎಂದು ಅತ್ತಳು. ಟೇಲರಮ್ಮ ಅವಳ ಭುಜ ನೋಡಿದಳು. ಇಳಿಭುಜ. ಅಲ್ಲ. ಕೊನೆಮನೆಯ ನರ್ಸ್ ಬಂದಳು. ಎತ್ತರ ಸರಿಯಿತ್ತು, ಸೊಂಟ ಬಹಳ ಕೆಳಗೆ. ಅಲ್ಲ. ಮೈದುನನ ಹೆಂಡತಿ ಬಂದು ತಬ್ಬಿಕೊಂಡಾಗ, ತಬ್ಬಿಕೊಂಡ ಕೈಯಲ್ಲೇ ಅವಳ ಬೆನ್ನಿನ ಅಗಲ ಅಳೆದಳು. ಅಳೆದು, ನಾಚಿಕೆಯಾಗಿ, ಕೈ ಬಿಟ್ಟಳು.

"ಅಮ್ಮಾ," ಎಂದಳು ಮಗಳು ಕಿವಿಯ ಬಳಿ ಬಗ್ಗಿ, "ಯಾಕೆ ಎಲ್ಲರನ್ನೂ ಹಾಗೆ ಮೇಲಿಂದ ಕೆಳಗೆ ನೋಡ್ತಿದೀಯಾ? ಜನ ಏನಂದ್ಕೊಳಲ್ಲ?"

"ಅಭ್ಯಾಸ ಕಣೇ."

"ಇವತ್ತೂನಾ?"

ಇವತ್ತೇ ಎಂದು ಹೇಳಬೇಕೆನಿಸಿತು. ಮಗಳಿಗೆ ಹೇಗೆ ಹೇಳುವುದು? ನಿಮ್ಮಪ್ಪ ಯಾವಳಿಗೋ ಒಂದು ಸೀಟು ಮಾಡಿಟ್ಟಿದ್ದಾನೆ ಎಂದೇ? ಮಾತಾಗಿ ನೋಡಿದರೆ ಅದು ತಮಾಷೆಯಂತೆ ಕೇಳುತ್ತಿತ್ತು. ಕದ್ದು ಪ್ರೀತಿಸುವ ಗಂಡಸರು ಹೂವು ಕೊಡುತ್ತಾರೆ, ಸಿನಿಮಾಕ್ಕೆ ಕರೆದೊಯ್ಯುತ್ತಾರೆ. ಫೈಬರಿನ ಅಚ್ಚು ಹಾಕಿ, ಫೋಮು ಕೆತ್ತಿ ಸೀಟು ಮಾಡುವವರನ್ನು ಅವಳು ಕೇಳಿರಲಿಲ್ಲ. ಆದರೆ ತನ್ನ ಗಂಡ ಕದ್ದು ಪ್ರೀತಿಸಿದ್ದರೆ ಹೀಗೇ ಪ್ರೀತಿಸುತ್ತಿದ್ದ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅದೇ ಅವಳನ್ನು ಕಂಗೆಡಿಸಿತ್ತು. ಸಂಜೆಯೊಳಗೆ ಅವನು ಮಣ್ಣಾಗುತ್ತಾನೆ. ಆಮೇಲೆ ಯಾರನ್ನು ಕೇಳುವುದು?

ಆಗ ಬೀದಿಯ ತುದಿಯಲ್ಲಿ ಈಜು ಟೀಚರ್ ಕಾಣಿಸಿದಳು.

ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುವವಳು. ನೀರನ್ನು ಸೀಳಿ ಸೀಳಿ ಬೆಳೆದ ಭುಜ. ಅಂಗಡಿಯ ಯಾವ ಕೋಟೂ ಆ ಭುಜಕ್ಕೆ ಬಾರದೆಂದು ಟೇಲರಮ್ಮನ ಬಳಿ ಬಂದು ಹೊಲಿಸಿಕೊಂಡು ಹೋಗಿದ್ದಳು. ಅವಳ ಕೂದಲು ಇನ್ನೂ ಒದ್ದೆಯಾಗಿತ್ತು. ನಡೆದು ಬರುವುದನ್ನು ನೋಡುತ್ತಿದ್ದಂತೆ ಟೇಲರಮ್ಮನ ಅಂಗೈಯಲ್ಲಿ ಬೆಳಗಿನ ಆ ಸೀಟಿನ ಅಂಚು ಮತ್ತೊಮ್ಮೆ ಓಡಿತು. ಇಲ್ಲಿ ತಿರುವು. ಇಲ್ಲಿ ಅಗಲ. ಇಲ್ಲಿ ಒಳಗೆ.

"ಟೇಲರಮ್ಮಾ, ಈಗಷ್ಟೇ ಗೊತ್ತಾಯ್ತು, ಕ್ಲಾಸ್ ಬಿಟ್ಟು ಹಾಗೇ ಓಡಿಬಂದೆ..."

"ಬನ್ನಿ ಇಲ್ಲಿ," ಎಂದು ಟೇಲರಮ್ಮ ಎದ್ದು ಅವಳ ಮೊಣಕೈ ಹಿಡಿದಳು.

"ಮೇಲಿದಾರಾ ಅವರು?"

"ಮೇಲಕ್ಕೆ ಆಮೇಲೆ ಹೋಗಿ. ಮೊದಲು ಇಲ್ಲಿ ಕೂತ್ಕೊಳಿ."

ಅವಳು ಕಾರಿನ ಬಾಗಿಲು ತೆರೆದಳು. ಕುರ್ಚಿಗಳ ಮಾತುಗಳು ಒಂದೊಂದಾಗಿ ನಿಂತವು. ಈಜು ಟೀಚರ್ ಸುತ್ತ ನೋಡಿದಳು. ಗಂಡ ಸತ್ತ ಹೆಂಗಸು ಕೂರು ಎಂದರೆ ಕೂರುವುದು ಬಿಟ್ಟು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ತಲೆ ಬಗ್ಗಿಸಿ, ಕಾಲು ಒಳಗಿಟ್ಟು, ಕುಳಿತಳು.

ಸೀಟು ಅವಳನ್ನು ತೆಗೆದುಕೊಂಡಿತು. ಬೇರೆ ಮಾತಿಲ್ಲ. ಎರಡು ರೆಕ್ಕೆಗಳು ಭುಜವನ್ನು ಅಪ್ಪಿದವು. ನಡುವಿನ ಉಬ್ಬು ನಡುವಿಗೇ ಹೋಗಿ ಕುಳಿತಿತು. ಮೊಣಕಾಲು ಸರಿಯಾಗಿ ಅಂಚಿನಲ್ಲಿ ಮಡಿಸಿಕೊಂಡಿತು. ಈಜು ಟೀಚರ್ ಬಾಯಿಂದ ಅವಳಿಗೇ ತಿಳಿಯದಂತೆ ಒಂದು ನಿಟ್ಟುಸಿರು ಬಂತು.

"ಅಬ್ಬಾ! ಎಷ್ಟು ಆರಾಮಾಗಿದೆ!" ಎಂದಳು. ಎಂದ ಮೇಲೆ, ಸಾವಿನ ಮನೆಯ ಮುಂದೆ ಆರಾಮ ಎಂದೆನಲ್ಲ ಎಂದು ಕೆಂಪಾದಳು.

ಟೇಲರಮ್ಮ ಕಿಟಕಿಗೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದಳು. "ಅವರು ನಿಮ್ಮನ್ನ ಇದರಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರು?"

"ಯಾರು?"

"ನಮ್ಮನೆಯವರು."

"ನನ್ನನ್ನಾ?" ಈಜು ಟೀಚರ್ ಮುಖದಲ್ಲಿ ಮೊದಲು ಏನೂ ಮೂಡಲಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಮೂಡಿತು. "ಟೇಲರಮ್ಮಾ, ಏನು ಕೇಳ್ತಿದೀರಾ ನೀವು? ನಾನವರನ್ನ ನೋಡಿರೋದೇ ಮೆಟ್ಟಿಲ ಹತ್ರ, ಕೋಟು ಟ್ರಯಲ್ ನೋಡೋಕೆ ಬಂದಾಗ. ಕೈಯೆಲ್ಲ ಕಪ್ಪಾಗಿತ್ತು. ದಾರಿ ಬಿಟ್ಟು ಗೋಡೆಗೆ ಅಂಟ್ಕೊಂಡು ನಿಂತ್ರು, ನನ್ನ ಬಟ್ಟೆಗೆ ತಾಗುತ್ತೆ ಅಂತ. ಮುಖ ಕೂಡ ಎತ್ತಲಿಲ್ಲ. ಆಣೆಗೂ ಅಷ್ಟೇ."

"ಹಾಗಾದ್ರೆ ಇದು ನಿಮಗೆ ಹೇಗೆ ಇಷ್ಟು ಸರಿಯಾಗಿದೆ?"

"ನನಗೇನು ಗೊತ್ತು? ಸೀಟು ಅಂದ್ರೆ ಎಲ್ಲರಿಗೂ ಸರಿಹೋಗುತ್ತಪ್ಪ."

"ನನಗೆ ಹೋಗಲಿಲ್ಲ," ಎಂದಳು ಟೇಲರಮ್ಮ.

ಮಗಳು ಬಂದು ಅಮ್ಮನ ತೋಳು ಹಿಡಿದು ಕುರ್ಚಿಗೆ ಕರೆದೊಯ್ದಳು. "ನಿದ್ದೆ ಮಾಡಿಲ್ಲ ಅವ್ರು, ತಪ್ಪು ತಿಳೀಬೇಡಿ," ಎಂದು ಈಜು ಟೀಚರಿಗೆ ಹೇಳುವುದು ಹಿಂದಿನಿಂದ ಕೇಳಿಸಿತು. ಟೇಲರಮ್ಮನಿಗೆ ಆ ಹೆಂಗಸು ಸುಳ್ಳು ಹೇಳುತ್ತಿಲ್ಲವೆಂದು ಅನಿಸಿತು. ಸೀಟೂ ಸುಳ್ಳು ಹೇಳುತ್ತಿರಲಿಲ್ಲ. ಎರಡು ನಿಜಗಳ ನಡುವೆ ತನಗೆ ಕೂರಲು ಜಾಗ ಸಾಲದೆಂಬಂತೆ ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು.

*

ಗ್ರೀಸ್ ಮಾಮ ಬಂದಾಗ ಪೆಟ್ಟಿಗೆಯನ್ನು ಇಳಿಸುವ ಹೊತ್ತಾಗಿತ್ತು. ಊರಿನ ಆ ತುದಿಯಲ್ಲಿ ಮೆಕ್ಯಾನಿಕ್ಕು; ಸತ್ತವನಿಗೆ ಇದ್ದ ಒಬ್ಬನೇ ಗೆಳೆಯ. ಮಗಳು ಚಿಕ್ಕವಳಿದ್ದಾಗ ಇಟ್ಟ ಹೆಸರು ಅವನಿಗೆ ಅಂಟಿಕೊಂಡಿತ್ತು. ಬಂದವನು ಮೊದಲು ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಜ್ವರ ನೋಡುವವನಂತೆ ನಿಂತ. ಮೇಲೆ ಹೋಗಿ ಮುಖ ನೋಡಿ ಬಂದು ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡ. ಆಮೇಲೆ ಮೈದುನ ಹೇಳಿದ್ದನ್ನು ಕೇಳಿ, "ಸ್ಟಾರ್ಟ್ ಆಗ್ಲಿಲ್ವಾ? ಹೇಗಾಗುತ್ತೆ? ಕಳ್ಳ ಸ್ವಿಚ್ ಇಟ್ಟಿದಾನಲ್ಲ ಕಳ್ಳ," ಎಂದು ಸ್ಟೇರಿಂಗಿನ ಕೆಳಗೆ ಕೈ ಹಾಕಿ ಏನೋ ಒತ್ತಿದ.

ಎಂಜಿನ್ನು ಎದ್ದಿತು. ಗಾಜು ಒಡೆಯುವ ಸದ್ದಿಗೆ ಕಾಯುತ್ತಿದ್ದ ಬೀದಿಗೆ ಬೇರೆಯದೇ ಸದ್ದು ಕೇಳಿಸಿತು: ತಗ್ಗಿದ, ಸಮನಾದ, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಹೋದಂಥ ಸದ್ದು.

"ಈ ಆಮೆ ಯಾವಾಗ ಇಷ್ಟು ಮೆತ್ತಗಾಯ್ತು?" ಎಂದ ದಿನಸಿ ಅಂಗಡಿಯವನು.

"ಎಲ್ಲಾ ಬಿಚ್ಚಿ ಹಾಕಿದ್ನಲ್ಲ! ಬಿಗಿ ಸ್ಪ್ರಿಂಗ್ ತೆಗೆದ. ಸೈಲೆನ್ಸರ್ ಬದಲಾಯಿಸಿದ. 'ಲೋ, ಅಷ್ಟು ವರ್ಷ ಬೆವರು ಸುರಿಸಿ ಕುದುರೆ ಮಾಡಿದ್ದನ್ನ ಈಗ ಯಾಕೋ ಹಸು ಮಾಡ್ತೀಯಾ' ಅಂದೆ. 'ಅವಳ ಬೆನ್ನಿಗೆ ಆಗಲ್ಲ ಕಣೋ' ಅಂದ." ಗ್ರೀಸ್ ಮಾಮ ಟೇಲರಮ್ಮನ ಕಡೆ ತಿರುಗಿದ. "ನಿಮಗೆ ಹೇಳಿರಲಿಲ್ಲ ಅಲ್ವಾ ಅಕ್ಕಾ? ಪೂರ್ತಿ ಆಗೋವರೆಗೂ ಬಾಯಿ ಬಿಡಬಾರದು ಅಂತ ನನ್ನ ಹತ್ರ ಭಾಷೆ ತಗೊಂಡಿದ್ದ. ಪೇಂಟ್ ಒಂದು ಬಾಕಿ ಇತ್ತು, ಅಷ್ಟೇ. ಈ ಸೀಟು ನೋಡಿದ್ರಾ? ಇದು ನಿಮ್ಮದು."

ಟೇಲರಮ್ಮ ಎದ್ದು ನಿಂತಳು. "ಯಾರದು?"

"ನಿಮ್ಮದೇ! ಮೂರು ಸಲ ಅಚ್ಚು ಒಡೆದು ಹಾಕಿದ ಮಹಾರಾಯ. ಅಂಗಡೀಲಿ ಸಿಗೋ ಸೀಟು ಯಾವುದೂ ಅವಳಿಗೆ ಆಗಲ್ಲ, ಅವಳ ಮೈಗೇ ಮಾಡ್ಬೇಕು ಅಂತ. ಒಂದು ದಾರ ತಂದಿದ್ದ, ಭುಜಕ್ಕೊಂದು ಗಂಟು, ನಡುವಿಗೊಂದು ಗಂಟು. ತೊಡೆ ಉದ್ದಾನ ಎತ್ತರದ ಮೇಲೆ ಲೆಕ್ಕ ಹಾಕಿದ."

"ನನ್ನ ಅಳತೆ ಅವರು ಯಾವಾಗ ತಗೊಂಡ್ರು?"

"ಅದೇ ಮಜಾ ಕೇಳಿ. ನಿಮಗೆ ಗೊತ್ತಾಗಬಾರದಲ್ಲ, ಅದಕ್ಕೆ ನಿಮ್ಮ ರೂಮಲ್ಲಿದೆಯಲ್ಲ ಬಟ್ಟೆ ಹಾಕೋ ಗೊಂಬೆ, ಅದರ ಮೇಲೆ ತಗೊಂಡ. 'ಅದು ಅವಳದೇ ಅಳತೆ ಕಣೋ, ಮದುವೆಯಾದ ಹೊಸದರಲ್ಲಿ ಅವಳೇ ಹೇಳಿದಾಳೆ' ಅಂದ. ನನಗೇ ಡೌಟ್ ಬಂತು. ಅಕ್ಕ ಇಷ್ಟು ಎತ್ತರ ಇದಾರೇನೋ ಅಂದೆ. 'ನೀನು ಅವಳು ನಿಂತಿರೋದನ್ನ ಎಲ್ಲಿ ನೋಡಿದೀಯಾ, ಯಾವಾಗ್ಲೂ ಮೆಷಿನ್ ಮುಂದೆ ಕೂತಿರ್ತಾಳಲ್ಲ' ಅಂದ."

ಮೈದುನನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗುಮಾಸ್ತೆ ಮತ್ತೆ ಅತ್ತಳು. ಮಗಳು ಕೈಯನ್ನು ಬಾಯಿಗೆ ಅಡ್ಡವಿಟ್ಟುಕೊಂಡು, "ಅಪ್ಪಾ," ಎಂದಳು, ಮೇಲಿನ ಕಿಟಕಿಯ ಕಡೆ ನೋಡಿ.

*

ಆ ಗೊಂಬೆ ಅವಳ ಹೊಲಿಗೆಯ ಕೋಣೆಯಲ್ಲಿ ಮೊದಲಿಂದಲೂ ಇತ್ತು. ತಲೆಯಿಲ್ಲ, ಕೈಯಿಲ್ಲ, ಒಂಟಿ ಕಾಲು. ತಿರುಪು ತಿರುಗಿಸಿದರೆ ಎತ್ತರವಾಗುತ್ತದೆ, ಗಿಡ್ಡವಾಗುತ್ತದೆ. ಮದುವೆಯಾದ ವರ್ಷ ಅವಳು ತನ್ನ ಬಟ್ಟೆ ಹೊಲಿದುಕೊಳ್ಳಲು ಅದನ್ನು ತನ್ನ ಅಳತೆಗೆ ಇಟ್ಟಿದ್ದು ನಿಜ. "ಇದು ನಾನೇ ನೋಡ್ರಿ," ಎಂದು ಅವನಿಗೆ ತೋರಿಸಿದ್ದೂ ನಿಜ. "ನಾನಿಲ್ಲದಾಗ ಬೇಜಾರಾದ್ರೆ ಇದರ ಜೊತೆ ಮಾತಾಡಿ. ಎದುರು ಮಾತಾಡಲ್ಲ ಇದು."

ಆಮೇಲೆ ಗಿರಾಕಿಗಳು ಬಂದರು. ಒಬ್ಬೊಬ್ಬರಿಗೆ ಒಂದೊಂದು ಮೈ. ಅವಳು ತಿರುಪು ತಿರುಗಿಸಿ, ಹತ್ತಿ ಇಟ್ಟು, ಚಿಂದಿ ಸುತ್ತಿ, ಗೊಂಬೆಯನ್ನು ಒಂದು ವಾರ ಇವಳಾಗಿ ಇನ್ನೊಂದು ವಾರ ಅವಳಾಗಿ ಮಾಡುತ್ತಿದ್ದಳು. ಒಂದು ಕಾಲದಲ್ಲಿ ಅದು ಎಷ್ಟು ಅಗಲವಾಗಿತ್ತೆಂದರೆ ಮಗಳು ಅದನ್ನು ದೊಡ್ಡಮ್ಮ ಎಂದು ಕರೆದಳು. ಅದು ಮತ್ತೆ ಟೇಲರಮ್ಮನ ಅಳತೆಗೆ ಬರಲೇ ಇಲ್ಲ. ತನಗೆಂದು ಹೊಲಿದುಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಗುಂಡಿ ತರಲು ಪೇಟೆಗೆ ಹೋಗಿ ಬೇಗ ಹಿಂತಿರುಗಿದಾಗ, ಗಂಡ ಹೊಲಿಗೆಯ ಕೋಣೆಯಲ್ಲಿದ್ದ. ಎರಡೂ ತೋಳಿನಿಂದ ಗೊಂಬೆಯನ್ನು ಬಳಸಿ ಹಿಡಿದು, ಕೆನ್ನೆ ಅದರ ಭುಜಕ್ಕೆ ತಾಗಿಸಿ ನಿಂತಿದ್ದ. ಹಲ್ಲಿನ ನಡುವೆ ದಾರದ ತುದಿ. ಕೈ ಎಂದಿಲ್ಲದಷ್ಟು ಸ್ವಚ್ಛವಾಗಿ ತೊಳೆದಿದ್ದ.

"ಏನ್ರೀ ಇದು, ದೊಡ್ಡಮ್ಮನ ಜೊತೆ ಡಾನ್ಸಾ?"

ಅವನು ಹುಡುಗನಂತೆ ಹಿಂದೆ ಸರಿದ. "ಜೇಡ ಇತ್ತು," ಎಂದ. "ಬೆನ್ನ ಮೇಲೆ."

"ಸಿಕ್ತಾ?"

"ಹೂಂ, ಸಿಕ್ತು," ಎಂದು ಮುಷ್ಟಿಯಲ್ಲಿ ಏನನ್ನೋ ಬಿಗಿ ಹಿಡಿದುಕೊಂಡು ಕೆಳಗಿಳಿದು ಹೋದ. ಅವಳು ನಕ್ಕು, ತಂದ ಗುಂಡಿಗಳನ್ನು ಒಂದೊಂದಾಗಿ ಗೊಂಬೆಯ ಎದೆಗೆ ಹಿಡಿದು ನೋಡಿದ್ದಳು. ಅದರ ಮೇಲೆ ಆಗ ಇದ್ದದ್ದು ಈಜು ಟೀಚರಿನ ಕೋಟು. ಭುಜ ಸಾಲದೆಂದು ಎರಡೂ ಕಡೆ ಚಿಂದಿ ತುರುಕಿ, ಮೇಲೆ ಟೇಪು ಸುತ್ತಿದ್ದಳು.

*

ಪೆಟ್ಟಿಗೆ ಗ್ಯಾರೇಜಿನ ಮೆಟ್ಟಿಲು ಇಳಿಯಿತು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಗಳ ಮೇಲೆ ಹೆಜ್ಜೆಯಿಡುತ್ತ ಹೊತ್ತವರು ಹೊರಬಂದರು. "ನಿಧಾನ, ನಿಧಾನ, ಎಡಕ್ಕೆ," ಎಂದು ಮೈದುನ ಹಿಂದೆಹಿಂದೆ ನಡೆದ. ವ್ಯಾನಿನ ಬಾಗಿಲು ಮುಚ್ಚಿತು.

ಟೇಲರಮ್ಮ ಎಲ್ಲವನ್ನೂ ನೋಡಿದಳು. ಅಳು ಬರುತ್ತದೆಂದು ಕಾದಳು, ನಗು ಬರುವಂತಾಯಿತು, ಎರಡೂ ಬಾಗಿಲವರೆಗೆ ಬಂದು ಹಿಂದೆ ಹೋದವು. ಗಂಡ ತನಗಾಗಿ ಕುದುರೆಯನ್ನು ಹಸು ಮಾಡಿದ್ದ. ಅದಕ್ಕೆ ವರ್ಷಗಳನ್ನು ಕೊಟ್ಟಿದ್ದ. ತಾನೊಬ್ಬಳು ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದಳು. ಅವನು ಕೈ ಚಾಚಿ ಗೊಂಬೆಯನ್ನು ತಬ್ಬಿದ್ದ. ಬೆಳಿಗ್ಗೆಯಿಂದ ಹುಡುಕುತ್ತಿದ್ದ ಆ ಇನ್ನೊಬ್ಬಳು ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಅವಳ ಮೇಲೆ ಕೋಪ ಬಂದು ಮುಗಿದಿರುತ್ತಿತ್ತು. ಈಗ ಕೋಪವನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಬೀದಿಯ ಮುಖಗಳೆಲ್ಲ ಅವಳ ಕಡೆ ಒದ್ದೆ ಕಣ್ಣಿನಿಂದ, ಪ್ರೀತ್ಯಾದರದಿಂದ, ಸ್ವಲ್ಪ ಅಸೂಯೆಯಿಂದಲೂ ನೋಡುತ್ತಿದ್ದವು. ಈಜು ಟೀಚರ್ ಒಬ್ಬಳು ಮಾತ್ರ ನೋಡುತ್ತಿರಲಿಲ್ಲ. ತನ್ನ ಕೋಟು ಆ ಗೊಂಬೆಯ ಮೇಲಿದ್ದುದು ಅವಳಿಗೆ ನೆನಪಾಗಿರಬೇಕು. ಜನರ ಹಿಂದೆ ನಿಂತು, ತಲೆ ತಗ್ಗಿಸಿ, ಎರಡೂ ಕೈಯಿಂದ ಮೈಯನ್ನು ಬಳಸಿಕೊಂಡು, ಆ ಅಗಲ ಭುಜಗಳನ್ನು ಆದಷ್ಟು ಚಿಕ್ಕದು ಮಾಡಿಕೊಳ್ಳುತ್ತಿದ್ದಳು.

ಗ್ರೀಸ್ ಮಾಮ ಸ್ಟೇರಿಂಗಿನ ಹಿಂದೆ ಕುಳಿತು ಈಚೆಗೆ ಬಾಗಿ ಪಕ್ಕದ ಬಾಗಿಲನ್ನು ಪೂರ್ತಿ ತೆರೆದ.

"ಬನ್ನಿ ಅಕ್ಕಾ. ವ್ಯಾನಿನ ಹಿಂದೇನೇ ಹೋಗೋಣ. ಒಂದು ಕಲ್ಲೂ ಗೊತ್ತಾಗದ ಹಾಗೆ ಕರ್ಕೊಂಡು ಹೋಗ್ತೀನಿ. ಅವನ ಆಸೆ ಇವತ್ತಾದ್ರೂ ಆಗ್ಲಿ."

"ಹೋಗಿ ಅತ್ತಿಗೆ," ಎಂದ ಮೈದುನ, ಊದಿದ ಗದ್ದವನ್ನು ಮುಟ್ಟಿಕೊಳ್ಳುತ್ತ. "ನಾವೆಲ್ಲ ಬಸ್ಸಲ್ಲಿ ಬರ್ತೀವಿ."

ಅವಳು ಬಾಗಿಲ ಬಳಿ ಹೋಗಿ ನಿಂತಳು. ಬಿಸಿಲು ಸೀಟಿನ ಮೇಲೆ ಬಿದ್ದು ಭುಜದ ತಗ್ಗು, ನಡುವಿನ ಉಬ್ಬು, ತೊಡೆಯ ಎರಡು ಗುಳಿ ಎಲ್ಲವೂ ಸ್ಪಷ್ಟವಾಗಿದ್ದವು. ಹೇಳಿಬಿಡಬಹುದಿತ್ತು. ಒಂದು ಮಾತು ಸಾಕು. ಆ ಮಾತು ಹೇಳಿದರೆ ಇವತ್ತಿನಿಂದ ಈ ಬೀದಿಯಲ್ಲಿ ಅವನು ಹೆಂಡತಿಯ ಮೈ ಗೊತ್ತಿಲ್ಲದ ಗಂಡ. ಹೇಳದಿದ್ದರೆ, ಇದು ಅವಳ ಸೀಟು.

"ಎಲ್ಲಿ, ಕೂತು ನೋಡಿ," ಎಂದ ಗ್ರೀಸ್ ಮಾಮ. ಅವಳನ್ನು ನಿಂತಿದ್ದಂತೆ ಮೇಲಿಂದ ಕೆಳಗೆ ನೋಡಿದ. ಸೀಟನ್ನು ನೋಡಿದ. ಹಣೆ ಒಮ್ಮೆ ಸುಕ್ಕಾಗಿ ಮತ್ತೆ ಸರಿಯಾಯಿತು. "ವಯಸ್ಸಾದ್ಮೇಲೆ ಎಲ್ಲರೂ ಸ್ವಲ್ಪ ಸೊರಗ್ತೀವಿ. ಅದೇನೂ ತೊಂದರೆ ಇಲ್ಲ."

"ಒಂದು ನಿಮಿಷ!" ಎಂದು ಮಗಳು ಮೆಟ್ಟಿಲು ಹತ್ತಿ ಓಡಿದಳು. ಬರುವಾಗ ಅವಳ ತೋಳಿನ ತುಂಬ ದಿಂಬುಗಳು. ಒಂದನ್ನು ಕೂರುವಲ್ಲಿ ಹಾಕಿ ಎತ್ತರ ಮಾಡಿದಳು. ಒಂದನ್ನು ಬೆನ್ನಿಗೆ ಇಟ್ಟಳು. ಉಳಿದ ಎರಡನ್ನು ಸುರುಳಿ ಸುತ್ತಿ, ಒಂದನ್ನು ಆ ಭುಜಕ್ಕೆ, ಒಂದನ್ನು ಈ ಭುಜಕ್ಕೆ ಎಂದು ಕೈಯಲ್ಲಿ ಹಿಡಿದು ನಿಂತಳು. ಅಳು ತುಂಬಿದ ಕಣ್ಣಿನಲ್ಲೇ ನಗುತ್ತ ಅಮ್ಮನ ಮೈಯ ಪಕ್ಕಕ್ಕೆ ಒಂದು ದಿಂಬನ್ನು ಒತ್ತಿ ಹಿಡಿದು ನೋಡಿದಳು.

"ಇಲ್ಲೊಂದು, ಇಲ್ಲೊಂದು ತುರುಕಿದ್ರೆ ಆಯ್ತಮ್ಮಾ. ಸರಿಯಾಗುತ್ತೆ. ಕೂತ್ಕೋ."

"ಬೇಡ," ಎಂದಳು ಟೇಲರಮ್ಮ.